ಜಗಲಿಯಿಂದ ಶುರುವಾದ ಗೆರೆ

ನಮ್ಮ ಭಾವನವರ ವಿಷಯ ಹೇಳುತ್ತೇನೆ, ಕೇಳಿ. ಭಾವ ಎಂದರೆ ನನ್ನ ಗಂಡ ಮೂರ್ತಿಯ ಅಣ್ಣ, ಗುರುಪಾದಸ್ವಾಮಿ. ಕೊಳ್ಳೇಗಾಲದ ಒಂದು ಪಿಯು ಕಾಲೇಜಿನಲ್ಲಿ ಗಣಿತದ ಲೆಕ್ಚರರ್ರು. ಊರಿನಲ್ಲಿ ಲೆಕ್ಚರರ್ರು ಎಂದು ಯಾರೂ ಕರೆಯುವುದಿಲ್ಲ, ಎಲ್ಲರಿಗೂ ಮೇಷ್ಟ್ರು. ಊರು ಯಳಂದೂರು ತಾಲೂಕಿನಲ್ಲಿದೆ, ಹೊನ್ನೂರಿನ ಆಟೋ ಹತ್ತಿದರೆ ದಾರಿಯಲ್ಲಿ ಇಳಿಯಬಹುದು. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನಾಳೆ ಅವರ ಎಲೆಗೆ ಅನ್ನ ಬಡಿಸಬೇಕಾದವಳು ನಾನೇ.

ಭಾವನವರಿಗೆ ಜಗತ್ತಿನಲ್ಲಿ ಎರಡೇ ಎರಡು ಸಂಗತಿ ಗೊತ್ತಾದರೆ ಸಾಕು. "ಇಳಿಜಾರು ಕೊಡು, ಒಂದು ಬಿಂದು ಕೊಡು, ಇಡೀ ಗೆರೆ ತಕ್ಕೋ!" ಇದು ಅವರ ಮಂತ್ರ. ಕಾಲೇಜಿಗೆ ಹೊರಡುವ ಮುಂಚೆ ದಿನಾ ಬೆಳಿಗ್ಗೆ ನಮ್ಮ ಮನೆಯ ಜಗಲಿಯ ಮೇಲೆ ಟ್ಯೂಷನ್. ಮಾಂಬಳ್ಳಿಯಿಂದಲೂ ಮಕ್ಕಳು ಸೈಕಲ್ಲು ತುಳಿದುಕೊಂಡು ಬರುತ್ತವೆ. ಅವರು ಹೊರಗೆ ಪಾಠ ಹೇಳುತ್ತಾರೆ, ನಾನು ಒಳಗೆ ರೊಟ್ಟಿ ತಟ್ಟುತ್ತೇನೆ. ವರ್ಷಗಟ್ಟಲೆ ತಟ್ಟಿದ್ದೇನೆ, ಹಾಗಾಗಿ ಪಾಠವೂ ಬಾಯಿಗೆ ಬಂದಿದೆ.

"ನೋಡ್ರೋ, ಗೆರೆ ಇಷ್ಟು ದೂರ ಮುಂದೆ ಹೋದ್ರೆ ಎಷ್ಟು ಏರ್ತದೆ, ಎಷ್ಟು ಇಳೀತದೆ? ಅದೇ ಇಳಿಜಾರು. ಬರೀ ಅದು ಗೊತ್ತಿದ್ರೆ ಗೆರೆ ಸಿಕ್ಕಲ್ಲ. ಅದೇ ಇಳಿಜಾರಿನ ಗೆರೆಗಳು ಒಂದರ ಕೆಳಗೊಂದು ಎಷ್ಟು ಬೇಕಾದ್ರೂ ಇರ್ತವೆ. ಅದ್ರಲ್ಲಿ ನಮ್ಮದ್ಯಾವುದು? ಅದಕ್ಕೆ ಒಂದು ಬಿಂದು ಬೇಕು. ಆ ಬಿಂದು ನಮ್ಮ ಗೆರೆ ಮೇಲಿನದೇ ಆಗಿರಬೇಕು. ಎಲ್ಲಿಂದಲೋ ಒಂದು ಬಿಂದು ತಂದು ಹಾಕಿದ್ರೂ ಗೆರೆ ಬರ್ತದೆ. ಆದ್ರೆ ಅದು ನಿಮ್ಮ ಗೆರೆ ಅಲ್ಲ, ಪಕ್ಕದ ಮನೆಯವರದು!"

ಆಮೇಲೆ ಲೆಕ್ಕ. ಇಳಿಜಾರು ಎರಡು, ಬಿಂದು ಒಂದು ಮೂರು. ವೈ ಮೈನಸ್ ಮೂರು ಈಕ್ವಲ್ ಟು ಎರಡು ಇನ್‌ಟು ಎಕ್ಸ್ ಮೈನಸ್ ಒಂದು. ಬಿಡಿಸಿದರೆ ವೈ ಈಕ್ವಲ್ ಟು ಎರಡು ಎಕ್ಸ್ ಪ್ಲಸ್ ಒಂದು. ಮಕ್ಕಳು ಇದನ್ನು ಭಜನೆಯ ಹಾಗೆ ಹೇಳುತ್ತವೆ. ಭಾವನವರು ಕಣ್ಣು ಮುಚ್ಚಿಕೊಂಡು ತಲೆದೂಗುತ್ತಾರೆ.

ಅವರು ಬೋರ್ಡಿನ ಮೇಲೆ ಮಾತ್ರ ಗೆರೆ ಎಳೆದುಕೊಂಡಿದ್ದರೆ ನನ್ನ ತಕರಾರಿರಲಿಲ್ಲ. ಮನುಷ್ಯರ ಮೇಲೂ ಎಳೆಯುತ್ತಿದ್ದರು. ಎದುರು ಬೀದಿಯ ರಂಗರಾಜು ಪಿಯುಸಿಯಲ್ಲಿ ಡುಮ್ಕಿ ಹೊಡೆದಾಗ ಅವನ ಅಪ್ಪನನ್ನು ಕೂರಿಸಿಕೊಂಡು, "ಇವನು ಈಗಿರೋ ಬಿಂದು ಇದು. ಇಳಿಜಾರು ಕೆಳಮುಖ. ಇನ್ನೇನು ನೋಡ್ತೀಯ, ಗೆರೆ ನೆಟ್ಟಗೆ ಪಾತಾಳಕ್ಕೆ" ಎಂದಿದ್ದರು. ಆ ರಂಗರಾಜು ಈಗ ಕೊಳ್ಳೇಗಾಲದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಪಾತಾಳದಲ್ಲಿ ವ್ಯಾಪಾರ ಚೆನ್ನಾಗಿದೆಯಂತೆ. ಭಾವನವರು ಕಾಲೇಜು ಬಿಟ್ಟ ಮೇಲೆ ಅವನ ಫ್ಯಾನಿನ ಕೆಳಗೆ ಕೂತು, ಅವನು ತರಿಸಿಕೊಟ್ಟ ಟೀ ಕುಡಿದು, ಬಸ್ಸು ಬಂದಾಗ ಎದ್ದು ಬರುತ್ತಾರೆ.

ಇನ್ನು ನಮ್ಮ ಜಗಲಿ. ನಮ್ಮದು ಊರ ಯಜಮಾನಿಕೆಯ ಮನೆ, ಬೀದಿಯ ಮೇಲ್ತುದಿಯಲ್ಲಿದೆ. ಮುತ್ತಾತನ ಕಾಲದ ಕರಿಕಲ್ಲಿನ ಜಗಲಿ ಬೀದಿಯೊಳಕ್ಕೆ ಎರಡು ಮೊಳ ಚಾಚಿಕೊಂಡಿದೆ. ಬೇರೆಯವರ ಮನೆಯದಾಗಿದ್ದರೆ ಅದಕ್ಕೆ ಒತ್ತುವರಿ ಎನ್ನುತ್ತಿದ್ದರು, ನಮ್ಮದಾದ್ದರಿಂದ ಸಂಪ್ರದಾಯ. ಊರಿನಲ್ಲಿ ಏನೇ ಶುರುವಾಗಲಿ, ಈ ಜಗಲಿಯಿಂದಲೇ ಆಗಬೇಕು. ಯುಗಾದಿಯ ಹೊನ್ನಾರಿನ ಮೊದಲ ನೇಗಿಲು ಹೊರಡುವುದು ಇಲ್ಲಿಂದ. ಮದುವೆಯ ಮೊದಲ ವೀಳ್ಯ ಇಲ್ಲಿಗೆ. ಹಬ್ಬದ ತಮಟೆಯ ಮೊದಲ ಏಟು ಇದರ ಮುಂದೆ. ಹೊಲ ಅಳೆಯುವ ಸರಪಳಿಯನ್ನೂ ಒಮ್ಮೆ ಈ ಕಲ್ಲಿಗೆ ಮುಟ್ಟಿಸಿಕೊಂಡೇ ಹೋಗುತ್ತಾರೆ, ಹೊಲ ಎತ್ತಲಾದರೂ ಇರಲಿ. ಜಗಲಿಯ ಬುಡಕ್ಕೆ ಕಬ್ಬಿಣ ತಾಗಬಾರದು ಎನ್ನುವುದು ಇನ್ನೊಂದು ಕಟ್ಟಳೆ. ಕೆಳಗಿನ ಬೀದಿಯವರು ಇದರ ಮುಂದೆ ನಿಲ್ಲುತ್ತಾರೆ, ಕೂರುವುದಿಲ್ಲ. ಕೂರಬೇಡಿ ಎಂದು ಯಾರೂ ಹೇಳುವುದಿಲ್ಲ ಬಿಡಿ. ಭಾವನವರಂತೂ ಕೈಗೆ ಮೈಕು ಸಿಕ್ಕಿದರೆ ಸಾಕು, ನಮ್ಮಲ್ಲಿ ಮೇಲು ಕೀಳು ಇಲ್ಲ, ಸೂತಕ ಇಲ್ಲ, ಪಾತಕ ಇಲ್ಲ ಎಂದು ಜನ ಆಕಳಿಸುವ ತನಕ ಮಾತಾಡುತ್ತಾರೆ. ಆದರೂ ಕೆಳಗಿನ ಬೀದಿಯವರು ಕೂರುವುದಿಲ್ಲ.

ಬೀದಿಯ ಕೆಳತುದಿಯಲ್ಲಿ, ಕೆಳಗಿನ ಬೀದಿ ಶುರುವಾಗುವಲ್ಲಿ, ರಸ್ತೆಯಡಿ ಹಾದು ಕಾಲುವೆಗೆ ಸೇರುವ ಮೋರಿ ಇದೆ. ಅದಕ್ಕೆ ಅಂಟಿಕೊಂಡು ಪುಟ್ಟಮಲ್ಲಮ್ಮನ ಮನೆ. ಪುಟ್ಟಮಲ್ಲಮ್ಮ ನಮ್ಮ ಗದ್ದೆಗೆ ನಾಟಿಗೆ ಬರುವವಳು. ಒಂದೇ ಅಂಕಣದ ಮಣ್ಣಿನ ಮನೆ, ಮೇಲೆ ನಾಡಹೆಂಚು. ಪ್ರತಿ ಮುಂಗಾರಿಗೂ ಬೀದಿಯ ನೀರೆಲ್ಲ ಅವಳ ಅಂಗಳಕ್ಕೆ ನುಗ್ಗಿ, ಬೀದಿಯ ಕಡೆಯ ಗೋಡೆಯ ಬುಡವನ್ನು ಕೈ ಹೋಗುವಷ್ಟು ತಿಂದುಬಿಟ್ಟಿತ್ತು. ಆ ಗೋಡೆಯ ಒಳಬದಿಯಲ್ಲೇ ಅವಳ ಮಗಳು ಭವ್ಯ ಬಾಣಂತನಕ್ಕೆ ಮಲಗಿದ್ದಳು. ನನ್ನ ತವರು ಕಾಮಗೆರೆ. ಅಲ್ಲಿನ ಆಸ್ಪತ್ರೆಗೆ ಅವಳನ್ನು ನಾನೇ ಕರೆದುಕೊಂಡು ಹೋಗಿ, ಹೆರಿಗೆಯಾಗುವ ತನಕ ಬಾಗಿಲಲ್ಲಿ ಕೂತಿದ್ದೆ. ಕೂಸನ್ನು ಮೊದಲು ನನ್ನ ಕೈಗೇ ಕೊಟ್ಟರು. ಹಾಗಾಗಿ ಅದರ ಮೇಲೆ ನನಗೂ ಹಕ್ಕಿದೆ ಎಂದುಕೊಂಡಿದ್ದೇನೆ, ಯಾರು ಏನಾದರೂ ಅಂದುಕೊಳ್ಳಲಿ.

"ಚಿಕ್ಕವ್ವಾರೆ, ಈ ಸರ್ತಿ ನೀರ ನುಗ್ಗುದ್ರ ಗ್ವಾಡ ನಿಲ್ಲಲ್ಲ ಕಣ್ರವ್ವ" ಎಂದು ಪುಟ್ಟಮಲ್ಲಮ್ಮ ನನ್ನ ಹತ್ತಿರ ಹೇಳಿಕೊಂಡಿದ್ದಳು. "ಬಾಣ್ತಿನೂ ಕೂಸ್ನೂ ಎತ್ಕಂಡು ನಾ ಎಲ್ಗ ಓಗ್ಲಿ?"

ಅಷ್ಟರಲ್ಲಿ ಬೀದಿಗೆ ಕಾಂಕ್ರೀಟು ಚರಂಡಿ ಮಂಜೂರಾಯಿತು. ಮೇಲಿನಿಂದ ಬಂದ ನೀರು ಚರಂಡಿಯಲ್ಲೇ ಇಳಿದು ಮೋರಿಗೆ ಬಿದ್ದರೆ ಅವಳ ಗೋಡೆ ಉಳಿಯಿತು. ಸುದ್ದಿ ಕೇಳಿ ಪುಟ್ಟಮಲ್ಲಮ್ಮ ಅಕ್ಕಪಕ್ಕದವರಿಗೆಲ್ಲ ಬೆಲ್ಲ ಹಂಚಿದಳು. ನನಗೂ ಒಂದು ಚೂರು ತಂದುಕೊಟ್ಟಳು.

ಎಂಜಿನಿಯರು ಬಂದರು, ಬೀದಿ ನೋಡಿದರು, "ನೂರಡಿಗೆ ಒಂದಡಿ ಇಳಿಜಾರು ಕೊಡಿ" ಎಂದು ಹೇಳಿ ಹೋದರು. ಎಲ್ಲಿಂದ ಎಂದು ಹೇಳಲಿಲ್ಲ. ಅಷ್ಟು ಸಣ್ಣ ವಿಷಯ ಊರಿನವರಿಗೆ ಗೊತ್ತಿರುತ್ತದೆ ಎಂದುಕೊಂಡರೋ ಏನೋ. ಕಂಟ್ರಾಕ್ಟರು ಚೆನ್ನಯ್ಯ ಕೆಲಸ ಬಲ್ಲವನು, ಆದರೆ ದೊಡ್ಡವರ ಮುಂದೆ ಅವನ ಬೆನ್ನು ತಾನಾಗಿಯೇ ಬಾಗುತ್ತದೆ. "ಮೇಷ್ಟ್ರು ಇರುವಾಗ ನಂಗ ಎಂತ ಯೋಚ್ನ ಸಾ, ನೀವೇ ಲೆಕ್ಕ ಆಕ್ಕೊಡಿ" ಎಂದ. ಭಾವನವರಿಗೆ ಇನ್ನೇನು ಬೇಕು? ಹೊಸ ಚಾಕ್‌ಪೀಸ್ ತೆಗೆದರು.

ಅವತ್ತು ಸಂಜೆ ನಾನು ಕಾಫಿ ತಂದಾಗ ಬೋರ್ಡಿನ ಮೇಲೆ ಇಡೀ ಬೀದಿ ಇತ್ತು. ಭಾವನವರು ಮೊದಲು ಕೆಳತುದಿಯಲ್ಲಿ ಮೋರಿಯ ಬಾಯಿಗೆ ದುಂಡಗೆ ಒಂದು ಬಿಂದು ಇಟ್ಟಿದ್ದರು. "ನೀರು ಎಲ್ಲಿಗೆ ಸೇರಬೇಕೋ ಅದೇ ಬಿಂದು ಕಣಯ್ಯ. ಅದನ್ನ ಅಲ್ಲಾಡಿಸೋ ಹಂಗಿಲ್ಲ. ಅಲ್ಲಿಂದ ನೂರಕ್ಕೆ ಒಂದರಂತೆ ಮೇಲಕ್ಕೆ ಏರಿಸ್ಕೊಂಡು ಬಾ." ಬೀದಿ ಮುನ್ನೂರಡಿ ಉದ್ದ. ಅಂದರೆ ನಮ್ಮ ಮನೆಯ ಹತ್ತಿರ ಚರಂಡಿಯ ತಳ ಮೋರಿಯ ತಳಕ್ಕಿಂತ ಮೂರಡಿ ಮೇಲಿರಬೇಕು. ಲೆಕ್ಕ ಚಿನ್ನದಂಥ ಲೆಕ್ಕ. ನನಗೇ ಹೆಮ್ಮೆಯಾಯಿತು.

ಚೆನ್ನಯ್ಯ ನೀರು ತುಂಬಿದ ಟ್ಯೂಬು ಹಿಡಿದು ಮಟ್ಟ ನೋಡಿಕೊಂಡು ಬಂದಿದ್ದ. ಅವನು ತಲೆ ಕೆರೆದುಕೊಂಡು, "ಜಗಲಿ ಬುಡುದ್ ನೆಲ ಮೋರಿಗಿಂತ ಐದಡಿ ಎತ್ರ ಅದ ಸಾ. ಚರಂಡಿ ಮೂರಡೀಲಿ ಬರಬೇಕು ಅಂದ್ರ ಇಲ್ಲಿ ಎರಡಡಿ ಆಳ ಅಗೀಬೇಕು" ಎಂದ.

"ಅಗಿ."

"ಅಗುದ್ರ ಜಗಲಿ ನಿಲ್ಲಲ್ಲ ಸಾ. ಮುಂದ್ಲ ಸಾಲ್ ಕಲ್ಲ ಕೀಳಬೇಕಾಯ್ತದ."

ಭಾವನವರು ಬೋರ್ಡು ನೋಡಿದರು. ಜಗಲಿ ನೋಡಿದರು. ಮತ್ತೆ ಬೋರ್ಡು ನೋಡಿದರು. ಕಾಫಿಯ ಮೇಲೆ ಕೆನೆ ಕಟ್ಟಿತು. ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು ಮೋರಿಯ ಬಿಂದುವನ್ನು ಒರೆಸಿಹಾಕಿ, ಮೇಲ್ತುದಿಯಲ್ಲಿ, ಜಗಲಿಯ ಬುಡಕ್ಕೆ, ಹೊಸದಾಗಿ ಒಂದು ಬಿಂದು ಇಟ್ಟರು. "ಇಲ್ಲಿಂದ ಶುರು ಮಾಡ್ಕೋ. ಅರ್ಧ ಅಡಿ ಆಳ ಸಾಕು. ಇಳಿಜಾರು ಅದೇ."

"ಅಂಗಾದ್ರ ಆ ತುದೀಲಿ ಚರಂಡಿ ಎತ್ರ ಆಯ್ತದಲ್ಲ ಸಾ. ಮೋರಿ ಬಾಯ್ಗ ಸೇರಲ್ಲ."

"ಇಳಿಜಾರು ಸರಿಯಿದ್ರೆ ನೀರು ಹೋಗೇ ಹೋಗ್ತದೆ ಚೆನ್ನಯ್ಯ. ನೀರಿಗೆ ಯಾರೂ ದಾರಿ ಹೇಳಿಕೊಡಬೇಕಾಗಿಲ್ಲ."

ನಾನು ಸುಮ್ಮನಿರುವ ಪೈಕಿ ಅಲ್ಲ. "ಭಾವ, ಮೊದ್ಲು ಮೋರಿಯಿಂದ ಹಿಡಿದಿದ್ರಲ್ಲ, ಅದನ್ನ ಯಾಕೆ ಅಳಿಸಿದ್ರಿ? ಬಿಂದು ಗೆರೆ ಮೇಲಿನದೇ ಆಗಿರಬೇಕು ಅಂತ ದಿನಾ ಮಕ್ಕಳ ಹತ್ರ ಬಡ್ಕೋತೀರಿ" ಎಂದೆ.

"ಸಾರು ಉಕ್ಕುತ್ತಿರಬೇಕು ನೋಡು ಕುಸುಮ" ಎಂದರು.

ಒಲೆಯ ಮೇಲೆ ಸಾರು ಇಟ್ಟೇ ಇರಲಿಲ್ಲ. ನಾನು ಅಲ್ಲೇ ನಿಂತೆ. ಆಗ ಕೊಂಚ ಮೆತ್ತಗಾಗಿ, "ನೋಡಮ್ಮ, ಊರ ಕೆಲಸ ಕೆಳಗಿನ ಬೀದಿಯಿಂದ ಶುರು ಮಾಡಿದ್ದನ್ನ ನೀನು ಎಲ್ಲಾದ್ರೂ ಕೇಳಿದ್ಯಾ?" ಎಂದರು. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗಾಯಿತು. ಸೂತ್ರ ಮಾಂಬಳ್ಳಿಯ ಮಕ್ಕಳಿಗೆ, ಜಗಲಿ ನಮಗೆ.

ಒಳಗೆ ಬಂದು ಅವರ ಹೆಂಡತಿ ಶಿವನಂಜಮ್ಮಕ್ಕನಿಗೆ ಹೇಳಿದೆ. ಅಕ್ಕ ಸೊಪ್ಪು ಸೋಸುತ್ತಿದ್ದರು. "ಸುಮ್ನಿರು ಕುಸುಮ. ಆ ಜಗಲಿ ಹೋದ್ರೆ ನಿಮ್ ಭಾವನೋರಿಗೆ ಊರಲ್ಲಿ ಕೂರಕ್ಕೆ ಬೇರೆ ಜಾಗ ಎಲ್ಲದೆ?" ಎಂದರು. ಗಂಡನಿಗೆ ಹೇಳಿದೆ. "ಅಣ್ಣ ಲೆಕ್ಕ ಹಾಕಿದ ಮೇಲೆ ಮುಗೀತು" ಎಂದು ಮಗ್ಗುಲಾದರು. ನಮ್ಮ ಮನೆಯ ಗಂಡಸರಲ್ಲಿ ಒಗ್ಗಟ್ಟಿಗೆ ಕೊರತೆಯಿಲ್ಲ.

ಗುದ್ದಲಿ ಪೂಜೆ ಜಗಲಿಯ ಮುಂದೆಯೇ ಆಯಿತು. ಕಬ್ಬಿಣ ತಾಗಬಾರದಲ್ಲ, ಅದಕ್ಕೆ ಗುದ್ದಲಿಯನ್ನು ಒಂದಡಿ ಆಚೆಗೆ ನೆಲಕ್ಕೆ ಮುಟ್ಟಿಸಿ, ಜಗಲಿಗೆ ಕೈಮುಗಿದು ಕ್ಷಮೆ ಕೇಳಿದರು. ಜಲ್ಲಿ ಬಂತು, ಸಿಮೆಂಟು ಬಂತು, ಹಲಗೆ ಹೊಡೆದರು, ಚರಂಡಿ ಎದ್ದಿತು. ನಡುಬೀದಿಯವರಿಗೂ ಖುಷಿ, ಯಾರ ಮೆಟ್ಟಿಲೂ ಮುರಿಯಲಿಲ್ಲ. ಕೊನೆಗೆ ಕೆಳತುದಿಗೆ ಬಂದು ನೋಡಿದರೆ ಚೆನ್ನಯ್ಯ ಹೇಳಿದ್ದೇ ಆಗಿತ್ತು. ಮೋರಿಯ ಬಾಯಿ ಕೆಳಗೆ, ಚರಂಡಿ ಮೇಲೆ. ಅದು ನೇರವಾಗಿ ಹೋಗಿ ಮೋರಿಯ ನೆತ್ತಿಯ ಕಲ್ಲಿಗೆ ಹಣೆ ಚಚ್ಚಿಕೊಂಡು ನಿಂತಿತ್ತು. ಪಕ್ಕದಲ್ಲಿ ತಗ್ಗಿದ್ದದ್ದು ಒಂದೇ, ಪುಟ್ಟಮಲ್ಲಮ್ಮನ ಅಂಗಳ.

"ಇಲ್ಲೊಂದು ಗುಂಡಿ ತೋಡಿ ನೀರು ಇಳಿಸೋಕಾಗಲ್ವ?" ಎಂದು ನಾನು ಚೆನ್ನಯ್ಯನನ್ನು ಕೇಳಿದೆ.

"ಗುಂಡಿ ಬರದು ಸರ್ಯಾಗಿ ಆ ಗ್ವಾಡ ಬುಡ್ಕ ಕಣಮ್ಮ. ಇಲ್ಲಿ ಆರೆ ಆಕುದ್ರ ಮಳಗಂಟ ಕಾಯದೇ ಬ್ಯಾಡ, ಇವತ್ತೇ ಬಿದ್ದೋಯ್ತದ" ಎಂದು ಹೇಳಿ, ಸಾಮಾನು ತುಂಬಿಕೊಂಡು ಹನೂರಿನ ಕಡೆ ಇನ್ನೊಂದು ಕೆಲಸಕ್ಕೆ ಹೊರಟುಹೋದ.

ಚರಂಡಿಯ ಉದ್ಘಾಟನೆಗೆ ಭಾವನವರು ಹಿತ್ತಾಳೆ ಕೊಡದ ತುಂಬ ಅರಿಶಿನದ ನೀರು ತರಿಸಿದರು. ಇಸ್ತ್ರಿ ಮಾಡಿದ ಪಂಚೆ ಉಟ್ಟು, ಜಗಲಿಯ ಮೇಲಿನಿಂದ ನಿಧಾನವಾಗಿ ಸುರಿದರು. ಸುಳ್ಳು ಹೇಳಬಾರದು, ನೀರು ನಿಜಕ್ಕೂ ಚೆಂದ ಹರಿಯಿತು. ಒಂದು ಕಡೆ ನಿಲ್ಲಲಿಲ್ಲ, ಒಂದು ಕಡೆ ತುಳುಕಲಿಲ್ಲ. ಮಕ್ಕಳು ಅದರ ಜೊತೆ ಓಡಿದವು. ಜನ ಚಪ್ಪಾಳೆ ಹೊಡೆದರು. "ನೋಡಿದ್ರಾ, ಎಲ್ಲಾದ್ರೂ ನಿಂತದಾ?" ಎಂದು ಭಾವನವರು ಸುತ್ತ ನೋಡುವಷ್ಟರಲ್ಲಿ ಕೆಳತುದಿಯಿಂದ ಪುಟ್ಟಮಲ್ಲಮ್ಮನ ಕೂಗು ಕೇಳಿತು.

"ಸಾ! ನೀರ ನಮ್ ಅಂಗಳಕ್ಕ ಬಂತು ಕಣಿ ಸಾ!"

"ಬಂತಲ್ಲ! ಅಂದ್ರೆ ಇಳಿಜಾರು ಸರಿಯಾಗಿದೆ ಅಂತ ಆಯ್ತು!" ಎಂದು ಭಾವನವರು ಇಲ್ಲಿಂದಲೇ ಕೂಗಿದರು. ಮತ್ತೊಮ್ಮೆ ಚಪ್ಪಾಳೆ ಬಿತ್ತು. ಆಮೇಲೆ ಅವಳಿಗೆ ಒಂದು ಸಲಹೆಯನ್ನೂ ಹೇಳಿಕಳಿಸಿದರು, ಅಂಗಳಕ್ಕೆ ಅಡ್ಡವಾಗಿ ಒಂದು ಮಣ್ಣಿನ ಬದ ಹಾಕಿಕೊಳ್ಳಲಿ ಎಂದು. ಅವಳು ಹಾಕಿಕೊಂಡಳು. ಮೊಣಕಾಲೆತ್ತರದ ಬದ. ಅದನ್ನು ನೋಡಿ ಬಂದ ಮೇಲೆ ಬೆಟ್ಟದ ಕಡೆ ಮೋಡ ಕಂಡಾಗಲೆಲ್ಲ ನಾನು ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬಂದು ಕೆಳತುದಿಯ ಕಡೆ ನೋಡುತ್ತಿದ್ದೆ.

ಭಾನುವಾರ ಮಧ್ಯಾಹ್ನ ಮಳೆ ಹಿಡಿಯಿತು. ಭಾನುವಾರ ಟ್ಯೂಷನ್ನು ಮಧ್ಯಾಹ್ನವೇ ಇರುತ್ತಿತ್ತು. ಮಕ್ಕಳು ಜಗಲಿಯ ಮೇಲೆ ಗೋಡೆಗೆ ಒತ್ತಿಕೊಂಡು ಕೂತಿದ್ದವು. ಬಿಳಿಗಿರಿ ಬೆಟ್ಟದ ಕಡೆಯಿಂದ ಬಂದ ಮಳೆ, ಸುಮ್ಮನೆ ಹೋಗುವ ಮಳೆಯಲ್ಲ. ಚರಂಡಿ ತುಂಬಿ ಹರಿಯಿತು. ಭಾವನವರು ಪಾಠ ನಿಲ್ಲಿಸಿ, "ನೋಡ್ರೋ, ಇದೇ ಸರಳರೇಖೆ. ಪುಸ್ತಕದಲ್ಲಿ ಇರೋದೇ ಬೀದೀಲಿ ಇರೋದು" ಎಂದು ತೋರಿಸಿದರು.

ಅದೇ ಸರಳರೇಖೆಯ ಪಕ್ಕದಲ್ಲಿ, ಎದುರು ದಿಕ್ಕಿನಿಂದ, ಪುಟ್ಟಮಲ್ಲಮ್ಮ ಹತ್ತಿ ಬರುತ್ತಿದ್ದಳು. ಗೋಣಿಚೀಲದ ಗೊಪ್ಪೆ ಹಾಕಿಕೊಂಡು, ಕೂಸನ್ನು ಎದೆಗೆ ಅವುಚಿಕೊಂಡು ಬಂದಳು. ಹಿಂದೆ ತಲೆಗೆ ಬಟ್ಟೆ ಬಿಗಿದ ಭವ್ಯ, ಗೋಡೆ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಜಗಲಿಯ ಮುಂದೆ ಬಂದಾಗ ಪುಟ್ಟಮಲ್ಲಮ್ಮ ನಿಲ್ಲುತ್ತಾಳೆ ಎಂದುಕೊಂಡೆ. ಎಲ್ಲರೂ ಅಲ್ಲೇ ನಿಲ್ಲುವುದು. ಅವಳು ನಿಲ್ಲಲಿಲ್ಲ, ಮೆಟ್ಟಿಲು ಹತ್ತಿದಳು. ಮಕ್ಕಳ ಬ್ಯಾಗುಗಳನ್ನು ಕಾಲಲ್ಲಿ ಅತ್ತ ಸರಿಸಿ, ಮಗಳನ್ನು ಕಂಬಕ್ಕೆ ಒರಗಿಸಿ ಕೂರಿಸಿದಳು. ಕೂಸನ್ನು ಅವಳ ಮಡಿಲಿಗೆ ಹಾಕಿ, ತಾನೂ ಪಕ್ಕದಲ್ಲಿ ಕಾಲು ಚಾಚಿಕೊಂಡು ಕೂತಳು.

ಭಾವನವರ ಕೈಯಲ್ಲಿ ಚಾಕ್‌ಪೀಸು ಹಾಗೇ ಇತ್ತು.

"ಸಾ, ಈ ಗೆರೆ ಈ ಕಲ್ಲಿಂದ ಒಂಟದ ಅಂತ ತಾನ ನೀವು ಏಳಿದ್ದು?" ಎಂದಳು ಪುಟ್ಟಮಲ್ಲಮ್ಮ. "ಅದರ ಆ ತುದಿ ಈಗ ನಮ್ಮನ ಒಳಗ ಅದ. ಬಾಣ್ತಿ ಚಾಪ ಮ್ಯಾಲ ಅದ. ಆ ತುದಿ ನಮ್ದಾದ ಮ್ಯಾಲ ಈ ತುದಿನೂ ನಮ್ದೇ. ಇಲ್ಲೇ ಕೂತ್ಕತೀವಿ."

"ಇಳಿಜಾರು ಸರಿಯಾಗೇ ಇದೆ ಪುಟ್ಟಮಲ್ಲಮ್ಮ, ನಾನೇ ಲೆಕ್ಕ ಹಾಕಿರೋದು. ನಿನ್ನ ಅಂಗಳವೇ ತಗ್ಗು" ಎಂದರು ಭಾವನವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಮಾಡಿದವರು ನಮ್ಮ ಭಾವನವರನ್ನು ನೋಡಿಯೇ ಮಾಡಿರಬೇಕು.

"ಊಂ ಸಾ, ಸರ್ಯಾಗೇ ಅದ. ಅದ್ಕೇ ಒಂದ್ ತೊಟ್ಟೂ ದಾರೀಲಿ ನಿಲ್ದೆ ನಮ್ಮನಗ ಬಂದದ. ಯಾರ್ ಅಲ್ಲ ಅಂದವ್ರು?"

ಒಬ್ಬ ಹುಡುಗಿ ಕಿಸಕ್ಕೆಂದಳು. ಭಾವನವರು ಛತ್ರಿ ಹಿಡಿದು ಎದ್ದರು. ತಮ್ಮ ಲೆಕ್ಕ ಸರಿ ಎಂದು ನೀರಿನ ಹತ್ತಿರವೇ ಸಾಕ್ಷಿ ಹೇಳಿಸಲು ಹೊರಟಂತಿತ್ತು. ಅಕ್ಕ ಬಾಗಿಲಿಗೆ ಬಂದು ಬಾಣಂತಿಗೆ ಕಂಬಳಿ ಹೊದೆಸುವುದನ್ನು ನೋಡಿ, ನಾನೂ ಸೆರಗು ತಲೆಗೆ ಹಾಕಿಕೊಂಡು ಭಾವನವರ ಹಿಂದೆ ಓಡಿದೆ.

ಕೆಳತುದಿಯಲ್ಲಿ ಮೋರಿಯ ನೆತ್ತಿಗೆ ಹೊಡೆದ ನೀರು ಪಕ್ಕಕ್ಕೆ ತಿರುಗಿ ಪುಟ್ಟಮಲ್ಲಮ್ಮನ ಅಂಗಳಕ್ಕೆ ಧುಮುಕುತ್ತಿತ್ತು. ಅವಳ ಬದ ಯಾವಾಗಲೋ ಕೊಚ್ಚಿಹೋಗಿತ್ತು. ಮೋರಿಯ ಬಾಯಿ ಮಾತ್ರ ಖಾಲಿಯಾಗಿ ತೆರೆದುಕೊಂಡಿತ್ತು. ಭಾವನವರು ಮೊಣಕಾಲುದ್ದದ ನೀರಿನಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗೋಡೆ ಕೂತಿತು. ಮೊದಲು ಬುಡ ಕರಗಿತು, ಆಮೇಲೆ ಇಡೀ ಗೋಡೆ ಅವಸರವಿಲ್ಲದೆ ಒಳಮುಖವಾಗಿ ಬಾಗಿ ಬಿದ್ದುಹೋಯಿತು. ಅದರ ಹಿಂದೆ ಹೆಂಚುಗಳು ಜಾರಿದವು. ಚಾಪೆ ಇದ್ದ ಜಾಗದಲ್ಲಿ ಮಣ್ಣಿನ ಗುಡ್ಡೆ. ಕೂಸಿಗೆ ಜೋಲಿ ಕಟ್ಟಿದ್ದ ಹಳೇ ಸೀರೆಯ ತುದಿ ಆ ಮಣ್ಣಿನಿಂದ ಹೊರಕ್ಕೆ ಇಣುಕುತ್ತಿತ್ತು.

ಭಾವನವರ ಕೈಯಿಂದ ಛತ್ರಿ ಬಿತ್ತು. "ಕುಸುಮ, ಕೂಸು ಮೇಲಿದೆ ತಾನೆ?" ಎಂದರು.

"ನಿಮ್ಮ ಜಗಲಿ ಮೇಲಿದೆ ಭಾವ."

"ನೀನು ನೋಡಿದ್ಯಾ? ಸರಿಯಾಗಿ ನೋಡಿದ್ಯಾ?"

"ನೀವೂ ನೋಡಿದ್ರಿ." ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಮನೆಗೆ ಬಂದಾಗಿನಿಂದ ಅವರೆದುರು ದನಿ ಎತ್ತಿದವಳಲ್ಲ, ಅವತ್ತು ಎತ್ತಿದೆ. "ಅವಳು ಅಲ್ಲಿ ಹತ್ತಿ ಕೂತಳಲ್ಲ ಅಂತ ನಿಮ್ಮ ಮುಖ ಕಪ್ಪಾಯ್ತಲ್ಲ ಭಾವ! ಎಲ್ಲರ ಹಂಗೆ ಅವಳೂ ಮರ್ಯಾದೆಯಿಂದ ಮನೇಲೇ ಇದ್ದಿದ್ರೆ ಈಗ ಏನನ್ನ ಎತ್ತಬೇಕಾಗಿತ್ತು ನಾವು?"

ಛತ್ರಿ ತೇಲಿಕೊಂಡು ಅಂಗಳದೊಳಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ಮಕ್ಕಳು ಬಂದಾಗ ಜಗಲಿಯಲ್ಲಿ ಜಾಗವಿರಲಿಲ್ಲ. ಎರಡು ಕಂಬಗಳ ನಡುವಿನ ತೊಲೆಗೆ ಅಕ್ಕನ ಸೀರೆಯ ಜೋಲಿ ಕಟ್ಟಿತ್ತು. ಒಂದು ಮೂಲೆಯಲ್ಲಿ ಭವ್ಯ ಮೆಣಸಿನ ಸಾರನ್ನ ಉಣ್ಣುತ್ತಿದ್ದಳು. ಒಳಗೆ ಬಂದು ಮಲಗಿ ಎಂದು ಅಕ್ಕ ಎಷ್ಟು ಕರೆದರೂ ಪುಟ್ಟಮಲ್ಲಮ್ಮ ಒಪ್ಪಿರಲಿಲ್ಲ. "ಒಳಕ್ಕ ಬ್ಯಾಡ ಕಣ್ರವ್ವ. ಬೀದಿಗ ಕಾಣಂಗೇ ಕೂತಿರ್ತೀನಿ. ನಮ್ ಗ್ವಾಡ ಏಳಗಂಟ ಏಳಲ್ಲ" ಎಂದಿದ್ದಳು. ಭಾವನವರು ಬೀದಿಯಲ್ಲೇ ಬೋರ್ಡು ನಿಲ್ಲಿಸಿ, ಕೂಸು ಏಳದ ಹಾಗೆ ಪಿಸುದನಿಯಲ್ಲಿ ಪಾಠ ಹೇಳಿದರು. ವೈ ಮೈನಸ್ ವೈ ಒನ್ ಅಷ್ಟು ಮೆತ್ತಗೆ ಕೇಳಿದ್ದು ಅದೇ ಮೊದಲು.

ಪಾಠ ಮುಗಿದ ಮೇಲೆ ಚೆನ್ನಯ್ಯನಿಗೆ ಫೋನು ಮಾಡಿ, "ಬಾರಯ್ಯ, ಆ ಕಡೆಯಿಂದ ಶುರು ಮಾಡಬೇಕು" ಎಂದರು. ತಪ್ಪಾಯಿತು ಎಂದರೇ? ಎಲ್ಲಾದರೂ ಉಂಟೇ! ಊರಿನವರಿಗೆ, "ಮೊದಲನೇ ಹಂತ ಯಶಸ್ವಿಯಾಗಿ ಮುಗಿದಿದೆ, ಇದು ಎರಡನೇ ಹಂತ" ಎಂದು ಸಾರಿದರು. ಕೆಲವು ಹಿರಿಯರು ಜಗಲಿಗೆ ಕಬ್ಬಿಣ ತಾಗಿಸುವುದುಂಟೇ ಎಂದು ಬಂದು ಗೊಣಗಿದರು. ಭಾವನವರು ಹಾರೆ ತೆಗೆದುಕೊಂಡು ಮುಂದಿನ ಸಾಲಿನ ಮೊದಲ ಕಲ್ಲಿಗೆ ತಾವೇ ಮೀಟಿದರು. ಅದು ಜಗ್ಗಲಿಲ್ಲ. ಆಳುಗಳು ಬಂದು ಕಿತ್ತರು. ಆದರೂ ಮೊದಲು ಮೀಟಿದವರು ಅವರೇ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಕಲ್ಲು ಕೀಳುವಾಗಲೂ ಪುಟ್ಟಮಲ್ಲಮ್ಮ ಹಿಂದಕ್ಕೆ ಸರಿದು ಕೂತಳೇ ಹೊರತು ಕೆಳಗಿಳಿಯಲಿಲ್ಲ.

ಕಿತ್ತ ಕಲ್ಲುಗಳು ಟ್ರ್ಯಾಕ್ಟರಿನಲ್ಲಿ ಕೆಳಗಿನ ಬೀದಿಗೆ ಹೋದವು. ಪುಟ್ಟಮಲ್ಲಮ್ಮನ ಹೊಸ ಗೋಡೆಗೆ ಅವೇ ಬುಡ. ನೀರು ಇನ್ನು ತಿನ್ನಬೇಕೆಂದರೆ ನಮ್ಮ ಮುತ್ತಾತನನ್ನು ತಿನ್ನಬೇಕು. ಉಳಿದ ಒಂದು ದೊಡ್ಡ ಕಲ್ಲನ್ನು ಅವಳ ಬಾಗಿಲ ಪಕ್ಕದಲ್ಲಿ ಹಾಸಿದರು. ಗೋಡೆ ಎದ್ದು, ಹೆಂಚು ಕೂತ ಮೇಲೆ ಪುಟ್ಟಮಲ್ಲಮ್ಮ ಜಗಲಿಯನ್ನು ಗುಡಿಸಿ, ಮಗಳನ್ನೂ ಕೂಸನ್ನೂ ಕರೆದುಕೊಂಡು ಇಳಿದು ಹೋದಳು. ಆಮೇಲೆ ಚೆನ್ನಯ್ಯ ಹಳೇ ಚರಂಡಿ ಒಡೆದು, ಮೋರಿಯ ಬಾಯಿಂದ ಶುರು ಮಾಡಿ, ಮೇಲಕ್ಕೆ ಕಟ್ಟಿಕೊಂಡು ಬಂದ. ಇಳಿಜಾರು ಅದೇ, ನೂರಡಿಗೆ ಒಂದಡಿ. ಭಾವನವರು ರಂಗರಾಜುವಿನ ಅಂಗಡಿಯಲ್ಲಿ ಕೂತು, ಜಗಲಿಯ ಕಲ್ಲನ್ನು ಬಡವರಿಗೆ ದಾನ ಮಾಡಿದೆ ಎಂದು ಹೇಳಿಕೊಂಡರಂತೆ. ಅವನು ಫೋನು ಮಾಡಿ ನನಗೆ ಹೇಳಿ ನಕ್ಕ.

ಮತ್ತೆ ಮಳೆ ಬಂದ ದಿನ ಭಾವನವರು ಯಾರಿಗೂ ಹೇಳದೆ ಹೊಸ ಛತ್ರಿ ಹಿಡಿದು ಕೆಳಗೆ ಇಳಿದರು. ಕೂಸಿಗೆ ಎಣ್ಣೆ ಹಚ್ಚಲು ನಾನು ಆಗಲೇ ಅಲ್ಲಿದ್ದೆ. ಬಾಗಿಲಲ್ಲಿ ಪುಟ್ಟಮಲ್ಲಮ್ಮ ಕೂತಿದ್ದಳು. ಚರಂಡಿಯ ನೀರು ಕೆಂಪಗೆ ಬಂದು ಮೋರಿಯ ಬಾಯೊಳಗೆ ಇಳಿದು ಹೋಗುತ್ತಿತ್ತು. ಅಂಗಳದಲ್ಲಿ ಆಕಾಶದಿಂದ ಬಿದ್ದ ನೀರು ಬಿಟ್ಟರೆ ಬೇರೆ ನೀರಿಲ್ಲ. ಭಾವನವರು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು.

"ಸಾ, ಮೊದ್ಲೇ ಇಲ್ಲಿಂದ ಶುರು ಮಾಡುದ್ರ ಆಯ್ತಿರ್ಲಿಲ್ವ?" ಎಂದು ಪುಟ್ಟಮಲ್ಲಮ್ಮ ಕೇಳಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ಈಗ ಎರಡನೇ ಹಂತದ ಭಾಷಣ ಬರುತ್ತದೆ ಎಂದು ನಾನು ಕಾದೆ. ಎಣ್ಣೆ ಹಚ್ಚುವ ಕೈ ನಿಲ್ಲಿಸಿಯೇ ಕಾದೆ.

"ಆಗ್ತಿತ್ತು ಕಣವ್ವ" ಎಂದರು ಭಾವನವರು. "ಗೊತ್ತಿತ್ತು."

ಪುಟ್ಟಮಲ್ಲಮ್ಮ ತಲೆಯಾಡಿಸಿದಳು. ಸೆರಗಿನ ತುದಿಯಿಂದ ಬಾಗಿಲ ಪಕ್ಕದ ಕಲ್ಲಿನ ಮೇಲಿದ್ದ ಮಳೆನೀರನ್ನು ಒರೆಸಿ, "ನಿಂತೇ ಇದ್ದೀರಲ್ಲ ಸಾ. ಬನ್ನಿ, ಕೂತ್ಕಳಿ" ಎಂದಳು. ಭಾವನವರು ಆ ಕಲ್ಲನ್ನು ನೋಡಿದರು. ಬೀದಿಯಲ್ಲಿ ಯಾರಾದರೂ ಇದ್ದಾರೋ ಎಂದು ಆ ಕಡೆ ಈ ಕಡೆ ಒಮ್ಮೆ ನೋಡಿದರು. ಆಮೇಲೆ ಛತ್ರಿ ಮಡಚಿ ಕೂತರು.